ತಲೆ ಎಣಿಸಿದರೆ ನ್ಯಾಯವಾಯಿತೇ?



ಸಂಪಾದಕರು ಫೋನು ಮಾಡಿ "ಈ ಸಲದ ಸಂಚಿಕೆಯಲ್ಲಿ ನಾಲ್ಕು ಪುಟ ಖಾಲಿ ಇದೆ, ಏನಾದರೂ ಬರೆದುಕೊಡಿ" ಎಂದಾಗ ಅವರ ಮನಸ್ಸಿನಲ್ಲಿದ್ದುದು ಬಹುಶಃ ಒಂದು ಪ್ರವಾಸಕಥನವೋ, ಹೋಳಿಗೆಯ ಮೇಲಿನ ಹಾಸ್ಯಲೇಖನವೋ ಇರಬೇಕು. ನಾನು ಕೊಟ್ಟಿರುವುದು ಫುಟ್‌ಬಾಲಿನ ಬಗ್ಗೆ. ಅದೂ ನಾವು ಮಳೆಗಾಲದ ಕೆಸರಿನಲ್ಲಿ ಬರಿಗಾಲಲ್ಲಿ ಒದ್ದ ದುಂಡು ಚೆಂಡಿನ ಫುಟ್‌ಬಾಲಲ್ಲ. ತಲೆಗೆ ಹೆಲ್ಮೆಟ್ಟು, ಹೆಗಲಿಗೆ ದಿಂಬು ಕಟ್ಟಿಕೊಂಡು, ಎರಡೂ ತುದಿ ಚೂಪಾದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಈ ದೇಶದ ಫುಟ್‌ಬಾಲು. "ನಮಗ್ಯಾಕ್ರೀ ಆ ಗುದ್ದಾಟ" ಎಂದು ಪುಟ ತಿರುಗಿಸುವ ಮುನ್ನ ಒಂದು ನಿಮಿಷ ನಿಲ್ಲಿ. ನಿಮ್ಮ ಮಗ ಟೆನ್ನಿಸ್ ಆಡುತ್ತಿರಲಿ, ಮಗಳು ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿರಲಿ, ಇದು ನಿಮ್ಮ ಮನೆಬಾಗಿಲಿಗೂ ಬರುವ ವಿಷಯ.

ನಮ್ಮ ಕ್ಯಾಂಪ್‌ಬೆಲ್ಲಿನ ಹೆರಿಟೇಜ್ ಥಿಯೇಟರ್ ನಿಮ್ಮಲ್ಲಿ ಹಲವರಿಗೆ ಗೊತ್ತು. ಮಕ್ಕಳ ನೃತ್ಯ ನೋಡಲೋ ಸಂಗೀತ ಕೇಳಲೋ ಹೋಗಿರುತ್ತೀರಿ. ಅದರ ಹಿಂದೆ ಒಂದು ಓಟದ ಪಥ, ನಡುವೆ ಹಸಿರು ಮೈದಾನ. ಸಂಜೆ ನಾನೂ ನನ್ನ ಹೆಂಡತಿಯೂ ಅಲ್ಲಿ ಸುತ್ತು ಹಾಕುತ್ತೇವೆ. ಊರಿನಿಂದ ಬಂದ ಅಪ್ಪ ಅಮ್ಮಂದಿರು ಸ್ವೆಟರು, ಮಫ್ಲರು, ಬಿಳಿ ಶೂ ಹಾಕಿಕೊಂಡು ಅಲ್ಲೇ ನಡೆಯುತ್ತಾರೆ. ಹತ್ತು ವರ್ಷ ಸುತ್ತು ಹಾಕಿದ ಮೇಲೆ ನನಗೆ ತಿಳಿದದ್ದು, ಅದು ಉದ್ಯಾನಕ್ಕೆಂದು ಮಾಡಿದ ಜಾಗವೇ ಅಲ್ಲ ಎಂದು. ಅದು ಕ್ಯಾಂಪ್‌ಬೆಲ್ ಹೈಸ್ಕೂಲು. 1938ರಲ್ಲಿ ಕಟ್ಟಿದ ಶಾಲೆಯ ಸಭಾಂಗಣವೇ ಇಂದಿನ ಥಿಯೇಟರು. ದುರಸ್ತಿಯಾಗಿ 2004ರಲ್ಲಿ ಮತ್ತೆ ತೆರೆಯಿತು. ನಾವು ಸುತ್ತು ಹಾಕುವುದು ಆ ಶಾಲೆಯ ಆಟದ ಬಯಲನ್ನು. ಎರಡು ಬೇರೆ ಬೇರೆ ತಂಡಗಳಿಗೆ ಸೂಪರ್ ಬೌಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಕಣಕ್ಕಿಳಿದ ಮೊದಲ ಆಟಗಾರ ಕ್ರೇಗ್ ಮಾರ್ಟನ್ ಓದಿದ್ದು ಈ ಶಾಲೆಯಲ್ಲಿ. ಶಾಲೆ ಮಾತ್ರ 1980ರಲ್ಲಿ ಮುಚ್ಚಿತು.

ಇಲ್ಲಿನ ಪ್ರೌಢಶಾಲೆಗಳ ಆಡಳಿತಕ್ಕೆ ಕ್ಯಾಂಪ್‌ಬೆಲ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್ ಎಂದು ಹೆಸರು. ಊರಿನ ಹೆಸರಿನ ಶಾಲೆ ಹೋಗಿ, ಊರಿನ ಹೆಸರಿನ ಕಚೇರಿ ಉಳಿದಿದೆ. ಒಂದು ಕಾಲಕ್ಕೆ ಇದರಡಿ ಎಂಟು ಶಾಲೆಗಳು: ಕ್ಯಾಂಪ್‌ಬೆಲ್, ಕ್ಯಾಮ್ಡನ್, ಡೆಲ್ ಮಾರ್, ಬ್ಲ್ಯಾಕ್‌ಫರ್ಡ್, ಲೀ, ಬ್ರಾನಮ್, ಪ್ರಾಸ್ಪೆಕ್ಟ್, ವೆಸ್ಟ್‌ಮಾಂಟ್. ಯುದ್ಧಾನಂತರ ಹುಟ್ಟಿದ ಮಕ್ಕಳೆಲ್ಲ ದಾಟಿಹೋದ ಮೇಲೆ ತರಗತಿಗಳು ಬರಿದಾದವು. 1978ರಲ್ಲಿ ಮತದಾರರು 13ನೇ ಪ್ರಸ್ತಾವವನ್ನು ಅಂಗೀಕರಿಸಿ ಆಸ್ತಿ ತೆರಿಗೆಗೆ ಕಡಿವಾಣ ಹಾಕಿದ ಮೇಲೆ ಕೈಯೂ ಬಿಗಿಯಾಯಿತು. 1980ರಲ್ಲಿ ಕ್ಯಾಂಪ್‌ಬೆಲ್, ಕ್ಯಾಮ್ಡನ್ ಎರಡೂ ಮುಚ್ಚಿದವು. 1991ರಲ್ಲಿ ಬ್ಲ್ಯಾಕ್‌ಫರ್ಡ್, ಬ್ರಾನಮ್. ಮಕ್ಕಳನ್ನು ಉಳಿದ ಶಾಲೆಗಳಿಗೆ ಹಂಚಿದರು. ಮತ್ತೆ ಮಕ್ಕಳು ಹೆಚ್ಚಿ 1999ರಲ್ಲಿ ಬ್ರಾನಮ್ಮಿಗೆ ಜೀವ ಬಂತು. ಈಗ ಒಟ್ಟು ಐದು.

ಈಗ ನಮ್ಮವರಿಗೆ ಪ್ರಿಯವಾದ ಲೆಕ್ಕಕ್ಕೆ ಬರೋಣ. ಫುಟ್‌ಬಾಲಿನಲ್ಲಿ ಒಂದು ಹೊತ್ತಿಗೆ ಒಂದು ತಂಡದಿಂದ ಹನ್ನೊಂದು ಜನ. ಎಂಟು ಶಾಲೆಗಳೆಂದರೆ ಮುಖ್ಯ ತಂಡಗಳಲ್ಲಿ, ಶುಕ್ರವಾರ ಸಂಜೆ ದೀಪದ ಕೆಳಗೆ, 88 ಹುಡುಗರಿಗೆ ಜಾಗ. 1980ರ ನಂತರ 66. 1991ರ ನಂತರ 44. ಬ್ರಾನಮ್ ತೆರೆದ ಮೇಲೆ 55. ಚೆಂಡು ಎದುರಾಳಿಯ ಕೈಯಲ್ಲಿದ್ದಾಗ ಇಳಿಯುವ ಹನ್ನೊಂದು ಜನರನ್ನು ಬೇರೆ ಎಣಿಸಿದರೆ ಎಲ್ಲವನ್ನೂ ಎರಡರಿಂದ ಗುಣಿಸಿ. "ಮಕ್ಕಳೂ ಕಡಿಮೆಯಾಗಿದ್ದರಲ್ಲ, ಜಾಗ ಕಡಿಮೆಯಾದರೇನು?" ಎಂದು ಕೇಳಬಹುದು. ಸರಿಯಾದ ಪ್ರಶ್ನೆಯೇ. ಆದರೆ ಮಕ್ಕಳು ಕಡಿಮೆಯಾದಾಗ ಪ್ರತಿ ಮಗುವಿಗೆ ಸಿಗಬಹುದಾಗಿದ್ದ ಹೆಚ್ಚಿನ ಅವಕಾಶವನ್ನು ವಿಲೀನ ಎಂಬುದು ಹಿಂದಕ್ಕೆ ಕಿತ್ತುಕೊಳ್ಳುತ್ತದೆ. ಕಟ್ಟಡ, ಹೀಟರು, ಪ್ರಿನ್ಸಿಪಾಲರ ಸಂಬಳ ಇವೆಲ್ಲ ಮಂಡಳಿಯ ಲೆಕ್ಕದಲ್ಲಿ ಬರುತ್ತವೆ. ಇದು ಯಾವ ಕಾಲಂನಲ್ಲೂ ಬರುವುದಿಲ್ಲ.

ಈ ವಿಷಯ ನನ್ನ ತಲೆ ಹೊಕ್ಕದ್ದು ನಮ್ಮ ಕೂಟದ ಬೇಸಿಗೆಯ ವನಭೋಜನದಲ್ಲಿ. ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತಾಗ ಶಾಲೆ ಮುಚ್ಚುವ ಮಾತು ಬಂತು. ಹಿರಿಯ ಸದಸ್ಯರೊಬ್ಬರು, ವೃತ್ತಿಯಿಂದ ಎಂಜಿನಿಯರು, ತಟ್ಟೆ ಹಿಡಿದುಕೊಂಡೇ ತೀರ್ಪು ಕೊಟ್ಟರು: "ಎರಡು ಬಡಕಲು ಶಾಲೆ ಸೇರಿಸಿದರೆ ಒಂದು ಗಟ್ಟಿ ಶಾಲೆ. ಎ.ಪಿ. ಕೋರ್ಸ್ ಜಾಸ್ತಿ, ಆಟದ ಟೀಮೂ ಸ್ಟ್ರಾಂಗು. ಇದರಲ್ಲಿ ಅನ್ಯಾಯ ಎಲ್ಲಿ ಬಂತು ಮಾರಾಯರೇ?" ಎ.ಪಿ. ಕೋರ್ಸಿನ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಇಪ್ಪತ್ತು ಮಕ್ಕಳಿಲ್ಲದೆ ಭೌತಶಾಸ್ತ್ರದ ಮೇಲ್ತರಗತಿ ನಡೆಸುವುದು ಕಷ್ಟ, ನಿಜ. ಆದರೆ ತರಗತಿಯಲ್ಲಿ ಇಪ್ಪತ್ತರ ಜಾಗದಲ್ಲಿ ನಲವತ್ತು ಮಕ್ಕಳು ಬಂದರೆ ಇನ್ನೊಂದು ತರಗತಿ ತೆರೆಯಬಹುದು. ಮೈದಾನದಲ್ಲಿ ಇಪ್ಪತ್ತೆರಡನೆಯವನು ಬಂದರೆ ಇನ್ನೊಂದು ತಂಡ ತೆರೆಯುವುದಿಲ್ಲ. ಒಂದು ಶಾಲೆಗೆ ಒಂದೇ ಮುಖ್ಯ ತಂಡ. ಉಳಿದವನಿಗೆ ಬೆಂಚು. ಅಲ್ಲಿ ಹಿಂದೆ ಮಕ್ಕಳು ಸಾಲುಗಟ್ಟಿದ್ದರಿಂದ ನಾನು ಅಷ್ಟನ್ನೆಲ್ಲ ಹೇಳಲಾಗಲಿಲ್ಲ. ಹಾಗಾಗಿ ಇಲ್ಲಿ ಹೇಳುತ್ತಿದ್ದೇನೆ.

"ಟೀಮು ಸ್ಟ್ರಾಂಗು" ಎಂಬ ಮಾತನ್ನು ಬಿಡಿಸಿ ನೋಡೋಣ. ಅದಕ್ಕೆ ಈ ದೇಶದ ದರ್ಜೆಯ ಪದ್ಧತಿ ಸ್ವಲ್ಪ ಗೊತ್ತಿರಬೇಕು. ಸಾವಿರ ಮಕ್ಕಳ ಶಾಲೆಯನ್ನು ಮೂರು ಸಾವಿರ ಮಕ್ಕಳ ಶಾಲೆಯ ಮುಂದೆ ನಿಲ್ಲಿಸುವುದು ತರವಲ್ಲ ಎಂದು ಇಲ್ಲಿನ ರಾಜ್ಯಗಳು ಶಾಲೆಗಳನ್ನು ದರ್ಜೆಗಳಾಗಿ ಒಡೆಯುತ್ತವೆ. ಒಡೆಯುವ ಅತಿ ಸುಲಭದ ಅಳತೆಗೋಲು, ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬ ತಲೆಯೆಣಿಕೆ. ಟೆಕ್ಸಸ್ಸಿನಲ್ಲಿ ಇದನ್ನು ಶಾಸ್ತ್ರೋಕ್ತವಾಗಿ ಮಾಡುತ್ತಾರೆ. ಎರಡು ವರ್ಷಕ್ಕೊಮ್ಮೆ ಎಲ್ಲ ಶಾಲೆಗಳ ಸಂಖ್ಯೆ ತೆಗೆದುಕೊಂಡು ಮತ್ತೆ ಹಂಚುತ್ತಾರೆ. 2014ರಿಂದ 1ಎಯಿಂದ 6ಎವರೆಗೆ ಆರು ದರ್ಜೆ. ಆ ಪಟ್ಟಿ ಹೊರಬೀಳುವ ದಿನ ಅಲ್ಲಿನ ಊರುಗಳಲ್ಲಿ ನಮ್ಮ ಎಸ್.ಎಸ್.ಎಲ್.ಸಿ. ರಿಸಲ್ಟಿನ ದಿನದ ಕಳವಳವಂತೆ.

ಈಗ 900 ಮಕ್ಕಳ ಒಂದು ಶಾಲೆ, 800ರ ಇನ್ನೊಂದು ಶಾಲೆ ಎಂದು ಇಟ್ಟುಕೊಳ್ಳಿ. ಎರಡೂ ಮಧ್ಯಮ ದರ್ಜೆಯಲ್ಲಿ ಆಡಿಕೊಂಡಿದ್ದವು. ಕೆಲವು ಗೆಲುವು, ಕೆಲವು ಸೋಲು. ವಿಲೀನದ ಮರುದಿನ ಕಾಗದದ ಮೇಲೆ 1700. ದರ್ಜೆ ಮೇಲೆ ಹಾರುತ್ತದೆ. ಎದುರಿಗೆ ಬರುವುದು ಹದಿನೇಳುನೂರು ಮಕ್ಕಳನ್ನು ಇಪ್ಪತ್ತು ವರ್ಷಗಳಿಂದ ಒಂದೇ ಸೂರಿನಡಿ ಇಟ್ಟುಕೊಂಡ, ಒಬ್ಬನೇ ಕೋಚಿನ ಕೈಯಲ್ಲಿ ಪಳಗಿದ, ಹೈಸ್ಕೂಲಿಗೆ ಬರುವ ಮೊದಲೇ ಮಕ್ಕಳು ತಯಾರಾಗಿ ಬರುವ ಶಾಲೆ. ನಮ್ಮದರಲ್ಲಿ ಅರ್ಧ ಮಕ್ಕಳು ಇನ್ನೂ ಹಳೆಯ ಶಾಲೆಯ ಬಣ್ಣದ ಟೀ-ಶರ್ಟಿನಲ್ಲೇ ಇದ್ದಾರೆ. ಮುಚ್ಚಿದ ಶಾಲೆಯ ಹುಡುಗ ಎರಡು ಬಸ್ಸು ಬದಲಿಸಿ ಬರುತ್ತಾನೆ. ಸಂಜೆ ಆರರವರೆಗೆ ಅಭ್ಯಾಸಕ್ಕೆ ನಿಂತರೆ ಮನೆ ಮುಟ್ಟುವುದು ಏಳೂವರೆಗೆ, ಅಷ್ಟರಲ್ಲಿ ತಂಗಿಯನ್ನು ಕರೆತರುವವರಿಲ್ಲ. ಅವನು ಬಿಡುತ್ತಾನೆ. ತಲೆಯೆಣಿಕೆಯಲ್ಲಿ ಮಾತ್ರ ಅವನೂ ಒಂದು ತಲೆ. ಅವನ ತಲೆಯ ಭಾರದಿಂದ ಶಾಲೆ ಮೇಲಿನ ದರ್ಜೆಗೆ ಹೋಯಿತು, ಮೈದಾನದಲ್ಲಿ ಅವನಿಲ್ಲ. ಇದನ್ನೇ ನಾನು ಅನ್ಯಾಯ ಎನ್ನುವುದು.

ಇದು ನನ್ನೊಬ್ಬನ ತರ್ಕವಲ್ಲ. ಮಿನ್ನೆಸೋಟ, ಆರೆಗಾನ್ ರಾಜ್ಯಗಳು ಶಾಲೆಯ ಸಂಖ್ಯೆ ಲೆಕ್ಕ ಹಾಕುವಾಗ ಬಡ ಮನೆಗಳ ಮಕ್ಕಳ ಪಾಲಿಗೆ ರಿಯಾಯಿತಿ ಕೊಡುತ್ತವೆ, ಏಕೆಂದರೆ ಆ ಮಕ್ಕಳು ಕ್ರೀಡೆಗೆ ಬರುವುದು ಕಡಿಮೆ ಎಂದು ಅನುಭವದಿಂದ ಕಂಡುಕೊಂಡಿವೆ. ಇಲಿನಾಯ್ ರಾಜ್ಯ 2005ರಿಂದ, ಎಲ್ಲೆಂದರಲ್ಲಿಂದ ಮಕ್ಕಳನ್ನು ಸೇರಿಸಿಕೊಳ್ಳಬಲ್ಲ ಖಾಸಗಿ ಶಾಲೆಗಳ ಸಂಖ್ಯೆಯನ್ನು 1.65ರಿಂದ ಗುಣಿಸುವ ನಿಯಮ ತಂದಿತು. ಎಲ್ಲ ತಲೆಯೂ ಒಂದೇ ತೂಕದ್ದಲ್ಲ ಎಂದು ಸರ್ಕಾರಿ ಕಾಗದದಲ್ಲೇ ಒಪ್ಪಿಕೊಂಡ ಹಾಗಾಯಿತು. ಬೇರೆಲ್ಲಿಗೋ ಯಾಕೆ ಹೋಗಬೇಕು, ನಮ್ಮ ಕೊಲ್ಲಿಯ ಆಚೆ ದಡದ ಕಾಂಕರ್ಡಿನಲ್ಲಿ ಡಿ ಲಾ ಸಾಲ್ ಎಂಬ ಹುಡುಗರ ಶಾಲೆಯಿದೆ. ಸುಮಾರು ಸಾವಿರ ಹುಡುಗರು. 1992ರಿಂದ 2004ರವರೆಗೆ ಸತತ 151 ಪಂದ್ಯ ಗೆದ್ದರು! ತಲೆಯೆಣಿಕೆಯಿಂದ ಬಲ ಅಳೆಯಬಹುದು ಎನ್ನುವವರು ಈ ಒಂದು ಶಾಲೆಗೆ ಉತ್ತರ ಹೇಳಲಿ.

ಇನ್ನೊಂದು ವಿಚಿತ್ರ. ಕೆಳಗಿನ ದರ್ಜೆಗಳಿಗೆಲ್ಲ ಮೇಲೊಂದು ಮಿತಿ ಇದೆ. ಅತಿ ಮೇಲಿನ ದರ್ಜೆಗೆ ಮುಚ್ಚಳವೇ ಇಲ್ಲ. ಟೆಕ್ಸಸ್ಸಿನ 6ಎ ದರ್ಜೆ ಸುಮಾರು 2200 ಮಕ್ಕಳಿಗೆ ಶುರುವಾಗುತ್ತದೆ. ಡಾಲಸ್ ಬಳಿಯ ಆಲನ್ ಊರಿನವರು ಇಡೀ ಊರಿಗೆ ಒಂದೇ ದೊಡ್ಡ ಹೈಸ್ಕೂಲು ಇಟ್ಟುಕೊಂಡಿದ್ದಾರೆ, ಐದು ಸಾವಿರಕ್ಕೂ ಮಿಕ್ಕಿ ಮಕ್ಕಳು. 2012ರಲ್ಲಿ ಅರುವತ್ತು ಮಿಲಿಯನ್ ಡಾಲರಿನ ಸ್ಟೇಡಿಯಂ ಕಟ್ಟಿದರು. (ಎರಡೇ ವರ್ಷಕ್ಕೆ ಕಾಂಕ್ರೀಟು ಬಿರುಕು ಬಿಟ್ಟು ಮುಚ್ಚಬೇಕಾಯಿತು, ನಮ್ಮೂರಿನ ಗುತ್ತಿಗೆದಾರರನ್ನು ನೆನೆದು ನನಗೆ ಒಳಗೊಳಗೇ ಸಮಾಧಾನವಾಯಿತು.) 2012, 2013, 2014 ಮೂರು ವರ್ಷವೂ ರಾಜ್ಯ ಪ್ರಶಸ್ತಿ. ಅಲ್ಲಿಂದ ಸ್ವಲ್ಪ ದೂರದ ಫ್ರಿಸ್ಕೊ ಊರಿನವರು ತದ್ವಿರುದ್ಧ ದಾರಿ ಹಿಡಿದರು. ಒಂದು ಹೈಸ್ಕೂಲಿನಲ್ಲಿ 2100ಕ್ಕಿಂತ ಹೆಚ್ಚು ಮಕ್ಕಳು ಬೇಡ, ಹೆಚ್ಚಾದರೆ ಇನ್ನೊಂದು ಶಾಲೆ ಕಟ್ಟೋಣ, ಹೆಚ್ಚು ಮಕ್ಕಳಿಗೆ ತಂಡದಲ್ಲಿ, ಬ್ಯಾಂಡಿನಲ್ಲಿ, ನಾಟಕದಲ್ಲಿ ಜಾಗ ಸಿಗಲಿ ಎಂದು ತೀರ್ಮಾನಿಸಿದರು. 2022ರ ಹೊತ್ತಿಗೆ ಹನ್ನೆರಡು ಹೈಸ್ಕೂಲು. ಹನ್ನೆರಡು ಹನ್ನೊಂದಲೆ 132. ಆಲನ್ನಿಗೆ ಕಪ್ಪುಗಳು, ಫ್ರಿಸ್ಕೊಗೆ ಆಡುವ ಮಕ್ಕಳು. ಫ್ರಿಸ್ಕೊದಲ್ಲಿ ಮನೆ ಮಾಡಿರುವ ಕನ್ನಡಿಗರು ಬಹಳ ಮಂದಿ, ಅಲ್ಲಿಗೆ ವರ್ಗವಾಗಿ ಹೋದ ನಮ್ಮ ಹಳೆಯ ಸದಸ್ಯರೂ ಇದ್ದಾರೆ; ಬೇಕಾದರೆ ಅವರನ್ನೇ ವಿಚಾರಿಸಿ. ಮಗಳ ತಂದೆಯಾಗಿ ಯಾವ ಊರು ಆರಿಸುತ್ತೀರಿ ಎಂದು ನನ್ನನ್ನು ಕೇಳಿದರೆ ಅರೆಕ್ಷಣವೂ ಯೋಚಿಸುವುದಿಲ್ಲ.

"ಅದೆಲ್ಲ ಟೆಕ್ಸಸ್ ಕತೆ. ಕ್ಯಾಲಿಫೋರ್ನಿಯಾದಲ್ಲಿ ಈಗ ತಲೆಯೆಣಿಕೆ ಹೋಗಿ ಬಲಾಬಲದ ಮೇಲೆ ದರ್ಜೆ ಕೊಡುತ್ತಾರೆ" ಎಂದು ಆಟ ಬಲ್ಲ ಓದುಗರು ತಿದ್ದಬಹುದು. ಹೌದು, ಅದನ್ನೂ ಹೇಳಬೇಕು. ಸ್ಯಾನ್ ಫ್ರಾನ್ಸಿಸ್ಕೊದಿಂದ ದಕ್ಷಿಣಕ್ಕೆ ಕಿಂಗ್ ಸಿಟಿಯವರೆಗಿನ ನಮ್ಮ ಶಾಲೆಗಳು ಸೆಂಟ್ರಲ್ ಕೋಸ್ಟ್ ಸೆಕ್ಷನ್ನಿಗೆ ಸೇರಿವೆ. ಹಿಂದೆ ಇಲ್ಲೂ ಡಿವಿಷನ್ ಹಂಚುತ್ತಿದ್ದುದು ಮಕ್ಕಳ ಸಂಖ್ಯೆಯಿಂದಲೇ. ಬಲಿಷ್ಠ ಖಾಸಗಿ ಶಾಲೆಗಳು ಸಣ್ಣ ಡಿವಿಷನ್‌ಗಳಲ್ಲಿ ಕೂತು ಕಪ್ಪು ಎತ್ತಿಕೊಂಡು ಹೋಗುತ್ತವೆ ಎಂಬ ಗೊಣಗಾಟ ಹೆಚ್ಚಿ, ಅತಿ ಬಲಿಷ್ಠರನ್ನು ಬೇರೆ ಎತ್ತಿಡುವ ಓಪನ್ ಡಿವಿಷನ್ ಬಂತು. ಆಮೇಲೆ ತಂಡದ ಸಾಧನೆಯ ಅಂಕಗಳನ್ನು ನೋಡಿ ಹಂಚುವ ಪದ್ಧತಿಯತ್ತ ಹೋದರು. ಕ್ಯಾಂಪ್‌ಬೆಲ್ ಶಾಲೆಗಳು ಆಡುವ ಬ್ಲಾಸಮ್ ವ್ಯಾಲಿ ಲೀಗಿನಲ್ಲೂ ಬಲದ ಪ್ರಕಾರ ವಿಭಾಗ ಮಾಡುವ ರೂಢಿಯಿದೆ. ಇದು ತಲೆಯೆಣಿಕೆಗಿಂತ ಮೇಲು, ಸಂಶಯವಿಲ್ಲ. ಹೊಸದಾಗಿ ವಿಲೀನಗೊಂಡ ಶಾಲೆ ದುರ್ಬಲವಾಗಿದ್ದರೆ ಕೆಳಗಿನ ವಿಭಾಗದಲ್ಲಿ ಆಡಿಕೊಳ್ಳಬಹುದು. 56–0 ಎಂದು ಹೊಡೆಸಿಕೊಳ್ಳುವ ಅವಮಾನ ತಪ್ಪುತ್ತದೆ.

ಆದರೆ ಇದು ಶಾಲೆ ಶಾಲೆಗಳ ನಡುವಿನ ನ್ಯಾಯ. ಬೆಂಚಿನ ಮೇಲಿರುವವನಿಗೆ ಯಾವ ನ್ಯಾಯ ಸಿಕ್ಕಿತು? ಸ್ಕೋರ್‌ಬೋರ್ಡು ಸಮವಾಯಿತು, ಅಷ್ಟೇ. ಇದನ್ನು ಬಲ್ಲೆ, ಏಕೆಂದರೆ ನನ್ನ ಮಗ ಎರಡು ವರ್ಷ ಆ ಬೆಂಚನ್ನು ಬೆಚ್ಚಗಿಟ್ಟವನು. ಶಾಲೆಯ ಹೆಸರು ಬೇಡ. ದೊಡ್ಡ ಶಾಲೆ, ಎಪ್ಪತ್ತಕ್ಕೂ ಮೇಲ್ಪಟ್ಟು ಹುಡುಗರ ಪಡೆ. ನಾನೂ ನನ್ನಾಕೆಯೂ ಚಕ್ಕುಲಿಯ ಡಬ್ಬಿ, ಥರ್ಮಾಸಿನಲ್ಲಿ ಕಾಫಿ ಹಿಡಿದುಕೊಂಡು ಪ್ರತಿ ಶುಕ್ರವಾರ ಹೋಗಿ ಕೂರುತ್ತಿದ್ದೆವು. ಒಂದು ಇಡೀ ಸೀಸನ್ನಿನಲ್ಲಿ ಅವನು ಮೈದಾನಕ್ಕೆ ಇಳಿದದ್ದು ನಾಲ್ಕು ಸಲ, ಅದೂ ಪಂದ್ಯ ತೀರ್ಮಾನವಾದ ಮೇಲೆ ಕೊನೆಯ ನಿಮಿಷಗಳಲ್ಲಿ. ನನ್ನ ಹೆಂಡತಿ ನಾಲ್ಕರಲ್ಲಿ ಒಂದನ್ನು, ಥರ್ಮಾಸಿನ ಮುಚ್ಚಳ ಹುಡುಕುತ್ತಾ, ತಪ್ಪಿಸಿಕೊಂಡಳು. ಅವನ ಅಂಗಿ ಒಗೆಯುವಾಗಲೆಲ್ಲ "ಇದರಲ್ಲಿ ಕೊಳೆಯೇ ಇಲ್ಲವಲ್ಲ" ಎನ್ನುತ್ತಿದ್ದಳು. ಕೋಚನ್ನು ದೂರುವುದಿಲ್ಲ. ಹನ್ನೊಂದು ಜಾಗದಲ್ಲಿ ಎಪ್ಪತ್ತು ಜನರನ್ನು ಅವರಾದರೂ ಹೇಗೆ ನಿಲ್ಲಿಸಿಯಾರು?

ಈಗ ನನ್ನ ವಾದಕ್ಕೆ ಎದುರಾದ ಮಾತನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ಆ ಎಂಜಿನಿಯರ್ ಮಿತ್ರರು ಮುಂದಿನ ಸಂಚಿಕೆಯಲ್ಲಿ ನನ್ನ ಕಿವಿ ಹಿಂಡುತ್ತಾರೆ. ಫುಟ್‌ಬಾಲಿಗೆ ಜನಬಲ ಬೇಕು. ಬ್ಯಾಸ್ಕೆಟ್‌ಬಾಲಿನಲ್ಲಿ ಐದು ಜನ ಚೆನ್ನಾಗಿದ್ದರೆ ಸಾಕು. ಇಂಡಿಯಾನದ ಮೈಲನ್ ಎಂಬ ಹಳ್ಳಿಯ ಶಾಲೆ, ಒಟ್ಟು 161 ಮಕ್ಕಳು, 1954ರಲ್ಲಿ ಹತ್ತು ಪಟ್ಟು ದೊಡ್ಡ ಮನ್ಸಿ ಸೆಂಟ್ರಲ್ ಶಾಲೆಯನ್ನು 32–30ರಿಂದ ಸೋಲಿಸಿ ಇಡೀ ರಾಜ್ಯದ ಕಿರೀಟ ಗೆದ್ದಿತು. ಆಗ ಅಲ್ಲಿ ದರ್ಜೆಯೇ ಇರಲಿಲ್ಲ, ಎಲ್ಲರಿಗೂ ಒಂದೇ ಪಂದ್ಯಾವಳಿ; 1997ರಲ್ಲಿ ಶುರುವಾದ ಸೀಸನ್ನಿನಿಂದ ದರ್ಜೆ ಬಂತು. ಅಂಥ ಪವಾಡ ಫುಟ್‌ಬಾಲಿನಲ್ಲಿ ನಡೆಯುವುದು ಕಷ್ಟ. ಇಲ್ಲಿ ಮೈಗೆ ಮೈ ಬಡಿಯುತ್ತದೆ. ಹದಿನೆಂಟು ಹುಡುಗರ ತಂಡವೆಂದರೆ ಅದೇ ಹುಡುಗ ದಾಳಿಗೂ ಅವನೇ, ರಕ್ಷಣೆಗೂ ಅವನೇ. ಒಂದು ನಿಮಿಷ ಉಸಿರಾಡಲು ಬಿಡುವಿಲ್ಲ. ದಣಿದ ಮೈಗೆ ಪೆಟ್ಟು ಬೇಗ ಆಗುತ್ತದೆ. ನಮ್ಮ ಮಿತ್ರರೊಬ್ಬರ ಮಗನ ಸಣ್ಣ ಶಾಲೆಯಲ್ಲಿ ಒಬ್ಬೊಬ್ಬರೇ ಗಾಯಗೊಂಡು ಕೊನೆಯ ಎರಡು ಪಂದ್ಯಗಳನ್ನು ರದ್ದು ಮಾಡಬೇಕಾಯಿತು. ಅಂಥ ಕಡೆ ಜನ ಸೇರಿಸುವುದೇ ಮಕ್ಕಳ ಹಿತ ಎಂದು ಒಪ್ಪುತ್ತೇನೆ.

ಒಪ್ಪಿದೆ, ಆದರೆ ತಂಡ ಸೇರಿಸಲು ಶಾಲೆಯನ್ನೇ ಏಕೆ ಮುಚ್ಚಬೇಕು? ನೆಗಡಿಗೆ ಮೂಗು ಕೊಯ್ದ ಹಾಗಾಯಿತು. ನೆಬ್ರಾಸ್ಕ, ಮಿನ್ನೆಸೋಟಗಳಲ್ಲಿ ಎರಡು ಮೂರು ಶಾಲೆಗಳು ತಮ್ಮ ತಮ್ಮ ಬಾಗಿಲು ತೆರೆದಿಟ್ಟುಕೊಂಡೇ ಫುಟ್‌ಬಾಲಿಗೆ ಮಾತ್ರ ಕೂಡಿ ಒಂದು ತಂಡ ಕಟ್ಟುತ್ತವೆ. ಹುಡುಗ ಬೆಳಿಗ್ಗೆ ತನ್ನ ಶಾಲೆಯಲ್ಲಿ ಓದಿ ಸಂಜೆ ಪಕ್ಕದ ಊರಿನವರ ಜತೆ ಆಡುತ್ತಾನೆ. ಚೆಸ್ ಕ್ಲಬ್ಬು, ಬ್ಯಾಂಡು, ವಾಲಿಬಾಲು, ವಿದ್ಯಾರ್ಥಿ ಸಂಘದ ಅಧ್ಯಕ್ಷಗಿರಿ ಎಲ್ಲವೂ ಎರಡೆರಡು ಉಳಿಯುತ್ತವೆ. ಇನ್ನೊಂದು ಉಪಾಯ ಇನ್ನೂ ಹಳೆಯದು. 1934ರಲ್ಲಿ, ಆರ್ಥಿಕ ಕುಸಿತದ ದಿನಗಳಲ್ಲಿ, ನೆಬ್ರಾಸ್ಕದ ಹೀಬ್ರನ್ ಎಂಬಲ್ಲಿ ಸ್ಟೀಫನ್ ಎಪ್ಲರ್ ಎಂಬ ಮೇಷ್ಟರು, ಹನ್ನೊಂದು ಹುಡುಗರು ಸಿಗದ ಹಳ್ಳಿಶಾಲೆಗಳಿಗೆಂದೇ ಆರು ಜನರ ಫುಟ್‌ಬಾಲು ಹುಟ್ಟುಹಾಕಿದರು. ಮೈದಾನವನ್ನೂ ಎಂಬತ್ತು ಗಜಕ್ಕೆ ಇಳಿಸಿದರು. ಟೆಕ್ಸಸ್ಸಿನ ಪುಟ್ಟ ಶಾಲೆಗಳಲ್ಲಿ ಅದು ಇಂದಿಗೂ ನಡೆದಿದೆ. ನಮ್ಮ ಸೆಂಟ್ರಲ್ ಕೋಸ್ಟ್ ಸೆಕ್ಷನ್ನಿನಲ್ಲೂ ಎಂಟು ಜನರ ಫುಟ್‌ಬಾಲು ಆಡುವ ಸಣ್ಣ ಶಾಲೆಗಳಿವೆ. ಮಕ್ಕಳು ಆಟಕ್ಕೆ ಸಾಲದಿದ್ದರೆ ಆಟವನ್ನು ಮಕ್ಕಳ ಅಳತೆಗೆ ಹೊಲಿದ ಆ ಮೇಷ್ಟರಿಗೆ ನಾನು ಕೈ ಮುಗಿಯುತ್ತೇನೆ. ದರ್ಜಿ ಅಂಗಿ ಹೊಲಿಯುವುದೂ ಹಾಗೇ ಅಲ್ಲವೇ?

ಊರಿನ ನೆನಪಾಗದೆ ಇರಲಿಲ್ಲ. ನಾವು ಓದಿದ ಶಾಲೆಗಳಲ್ಲಿ ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಕ್ರೀಡಾಕೂಟ. ಅಲ್ಲಿ ಪ್ರಾಥಮಿಕ, ಪ್ರೌಢ ಎಂಬ ಭೇದ ಬಿಟ್ಟರೆ ಶಾಲೆಯ ಗಾತ್ರವನ್ನು ಕೇಳಿದವರಿಲ್ಲ. ಅರುವತ್ತು ಮಕ್ಕಳ ನಮ್ಮ ಶಾಲೆ, ತಾಲ್ಲೂಕು ಕೇಂದ್ರದ ಆರುನೂರು ಮಕ್ಕಳ ಶಾಲೆಯ ಎದುರು ಕಬಡ್ಡಿಗೆ ಇಳಿಯುತ್ತಿತ್ತು. ಸೋಲುತ್ತಿದ್ದೆವು. ಆದರೆ ಅರುವತ್ತರಲ್ಲಿ ಹುಡುಗರು ಮೂವತ್ತು. ಕಬಡ್ಡಿಗೆ ಏಳು, ಖೋ-ಖೋಗೆ ಒಂಬತ್ತು, ವಾಲಿಬಾಲಿಗೆ ಆರು ಎಂದು ಆರಿಸುವ ಹೊತ್ತಿಗೆ ನನ್ನಂಥ ಕಡ್ಡಿಪೈಲ್ವಾನನೂ ಯಾವುದಾದರೂ ಒಂದು ತಂಡದಲ್ಲಿ ಇರಲೇಬೇಕಾಗುತ್ತಿತ್ತು. ಲಾರಿಯಲ್ಲಿ ನಿಂತು ಹೋಬಳಿಗೆ ಹೋದದ್ದು, ಶಾಲೆಯ ಹೆಸರು ಕೂಗಿಸಿಕೊಂಡದ್ದು, ವಾಪಸು ಬರುವಾಗ ಹೆಡ್‌ಮಾಸ್ಟರು ಕೊಡಿಸಿದ ಬನ್ನು ಬಾಳೆಹಣ್ಣು, ಇವು ನನಗೆ ಈಗಲೂ ಉಳಿದಿವೆ. ದರ್ಜೆಯ ನ್ಯಾಯ ಅಲ್ಲಿ ಸೊನ್ನೆ. ಅವಕಾಶದ ನ್ಯಾಯ ಮಾತ್ರ ಇಲ್ಲಿಗಿಂತ ಹೆಚ್ಚಾಗಿತ್ತು ಎಂದು ನನ್ನ ಅಭಿಪ್ರಾಯ.

ಅಲ್ಲಿಯೂ ವಿಲೀನದ ಮಾತು ಹೊಸದಲ್ಲ. ವಿಶ್ವೇಶ್ವರ ಹೆಗಡೆ ಕಾಗೇರಿಯವರು ಶಿಕ್ಷಣ ಸಚಿವರಾಗಿದ್ದಾಗಲೇ ಮಕ್ಕಳಿಲ್ಲದ ಸರ್ಕಾರಿ ಶಾಲೆಗಳನ್ನು ಪಕ್ಕದ ಶಾಲೆಗೆ ಸೇರಿಸುವ ಬಗ್ಗೆ ದೊಡ್ಡ ಚರ್ಚೆಯಾಗಿತ್ತು. 2025ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳ ಹೆಸರಿನಲ್ಲಿ ಸುತ್ತಲಿನ ಸಣ್ಣ ಶಾಲೆಗಳು ಮುಚ್ಚುತ್ತವೆ ಎಂದು ಪ್ರತಿಭಟನೆಗಳಾದವು. ಅಲ್ಲಿ ದೂರ, ಹೆಣ್ಣುಮಕ್ಕಳ ಸುರಕ್ಷತೆ, ಕನ್ನಡ ಮಾಧ್ಯಮ, ಇವೇ ಮುಖ್ಯ ಪ್ರಶ್ನೆಗಳು, ಇರಲೇಬೇಕು. ಖೋ-ಖೋ ತಂಡ ಎಷ್ಟು ಕಡಿಮೆಯಾಗುತ್ತದೆ ಎಂದು ಅಲ್ಲಿಯೂ ಯಾರೂ ಕೇಳಿದ್ದನ್ನು ನಾನು ಓದಿಲ್ಲ.

ನಮ್ಮ ಕೊಲ್ಲಿ ಪ್ರದೇಶದಲ್ಲಿ ಈಗ ಮಕ್ಕಳು ಮತ್ತೆ ಕಡಿಮೆಯಾಗುತ್ತಿದ್ದಾರೆ. ಮನೆಯ ಬೆಲೆ ಕೇಳಿದರೆ ಕಾರಣ ಕೇಳಬೇಕಾಗಿಲ್ಲ. ನಮ್ಮವರು ಶಾಲೆಗಾಗಿಯೇ ಮನೆ ಕೊಳ್ಳುವ ಕ್ಯುಪರ್ಟಿನೊದಲ್ಲಿ 2022ರಲ್ಲಿ ರೆಗ್ನಾರ್ಟ್, ಮೈಯರ್‌ಹೋಲ್ಜ್ ಎಂಬ ಎರಡು ಪ್ರಾಥಮಿಕ ಶಾಲೆಗಳು ಬಾಗಿಲು ಹಾಕಿದವು. ಅದೇ ವರ್ಷ ಓಕ್‌ಲ್ಯಾಂಡಿನಲ್ಲಿ ಶಾಲೆ ಮುಚ್ಚುವುದರ ವಿರುದ್ಧ ದೊಡ್ಡ ಗಲಾಟೆಯಾಯಿತು. 2024ರ ಕೊನೆಯಲ್ಲಿ ಸ್ಯಾನ್ ಹೋಸೆಯ ಆಲಂ ರಾಕ್‌ನಲ್ಲಿ ಹಲವು ಶಾಲೆಗಳನ್ನು ಮುಚ್ಚಿ ಸೇರಿಸುವ ನಿರ್ಣಯ ಬಂತು. ಇವೆಲ್ಲ ಹೆಚ್ಚಾಗಿ ಸಣ್ಣ ಮಕ್ಕಳ ಶಾಲೆಗಳು. ಆದರೆ ಈ ಮಕ್ಕಳು ಬೆಳೆಯುತ್ತಾರಲ್ಲ? ಪ್ರಾಥಮಿಕದಲ್ಲಿ ಇಂದು ಕಾಣುವ ಖಾಲಿ ಬೆಂಚು ಆರೆಂಟು ವರ್ಷಕ್ಕೆ ಹೈಸ್ಕೂಲಿಗೆ ಬರುತ್ತದೆ. 1980ರಲ್ಲಿ ನಮ್ಮ ಸುತ್ತುಹಾಕುವ ಪಥಕ್ಕೆ ಬಂದ ಗತಿ ಇನ್ನೊಂದು ಶಾಲೆಗೆ ಬರುವುದಿಲ್ಲ ಎಂದು ಯಾರು ಹೇಳಬಲ್ಲರು?

ಆ ದಿನ ನಮ್ಮವರು ಏನು ಮಾಡುತ್ತಾರೆ? ನನಗೆ ಗೊತ್ತು. ಮೊದಲು ಮನೆಯ ಬೆಲೆ ನೋಡುತ್ತಾರೆ, ಆಮೇಲೆ ಶಾಲೆಯ ರೇಟಿಂಗು. ಮಂಡಳಿಯ ಸಭೆಗೆ ಯಾರೂ ಹೋಗುವುದಿಲ್ಲ. ಹೋದರೂ ಮೈಕಿನ ಮುಂದೆ ನಿಲ್ಲುವುದಿಲ್ಲ. ಸರಸ್ವತಿ ಪೂಜೆಗೆ ಇನ್ನೂರು ಕುಟುಂಬ ಸೇರಿಸಬಲ್ಲ ನಾವು, ಸಾರ್ವಜನಿಕ ಅಹವಾಲಿಗೆ ಇಬ್ಬರನ್ನು ಕಳಿಸಲಾರೆವು. ಮಿತ್ರರಿಗೆ ಕೋಪ ಬಂದರೆ ಬರಲಿ. ಮಕ್ಕಳ ಆಟವನ್ನು ಕಾಲೇಜು ಅರ್ಜಿಯ ಒಂದು ಸಾಲು ಎಂದಷ್ಟೇ ನಾವು ನೋಡುವವರೆಗೆ ಹೀಗೇ ಇರುತ್ತದೆ.

ಹೋಗಿ ಕೇಳಬೇಕಾದದ್ದು ಕಷ್ಟದ ಪ್ರಶ್ನೆಯೇನಲ್ಲ. ಶಾಲೆ ಸೇರಿಸಿದರೆ ಎಷ್ಟು ತಂಡ ಹೋಗುತ್ತದೆ, ಎಷ್ಟು ಮಕ್ಕಳಿಗೆ ಜಾಗ ಹೋಗುತ್ತದೆ, ವರದಿಯಲ್ಲಿ ಬರೆಯಿರಿ. ಸಂಜೆಯ ಅಭ್ಯಾಸದ ನಂತರ ದೂರದ ಮಕ್ಕಳಿಗೆ ತಡವಾದ ಬಸ್ಸು ಬಿಡುತ್ತೀರೋ ಇಲ್ಲವೋ, ಬರೆಯಿರಿ. ಸೇರಿಸಿದ ಮೊದಲ ಎರಡು ವರ್ಷವಾದರೂ ಹೊಸ ಶಾಲೆಗೆ ಎರಡು ಕಿರಿಯ ತಂಡ ಇಳಿಸಲು ಲೀಗಿನವರನ್ನು ಕೇಳಿ. ಮುಚ್ಚುವ ಬದಲು ತಂಡ ಮಾತ್ರ ಕೂಡಿಸಲು ಬರುತ್ತದೆಯೇ ಎಂದು ಮೊದಲು ನೋಡಿ, ಆಮೇಲೆ ಬೀಗದ ಕೈ ತೆಗೆಯಿರಿ. ಇದನ್ನು ಹುಡುಗರ ಸಲುವಾಗಿ ಮಾತ್ರ ಹೇಳುತ್ತಿಲ್ಲ. 2023–24ರಿಂದ ಹುಡುಗಿಯರ ಫ್ಲ್ಯಾಗ್ ಫುಟ್‌ಬಾಲು ಕ್ಯಾಲಿಫೋರ್ನಿಯಾದಲ್ಲಿ ಅಧಿಕೃತ ಶಾಲಾ ಕ್ರೀಡೆಯಾಗಿದೆ. ಗುದ್ದಾಟವಿಲ್ಲ, ಸೊಂಟದ ಪಟ್ಟಿ ಎಳೆದರೆ ಮುಗಿಯಿತು. ಹೊಸದಾಗಿ ತೆರೆದ ಆ ಜಾಗಗಳು ವಿಲೀನದ ಮೊದಲ ದಿನವೇ ಅರ್ಧವಾಗುತ್ತವೆ.

ನನ್ನ ಮಗಳು ಈ ವರ್ಷ ಆ ತಂಡಕ್ಕೆ ಸೇರಿದ್ದಾಳೆ. ಅಣ್ಣನ ಶಾಲೆಗಿಂತ ಸಣ್ಣ ಶಾಲೆ. ನಾವು ಮನೆ ಬದಲಿಸಿದ್ದರಿಂದ ಸಿಕ್ಕಿದ್ದು. ಮೊದಲ ಪಂದ್ಯದಿಂದಲೇ ಆಡುತ್ತಿದ್ದಾಳೆ, ಮೂರರಲ್ಲಿ ಮೂರೂ ಸೋತಿದ್ದಾರೆ, ಅಂಗಿ ಪ್ರತಿ ವಾರವೂ ಕೊಳೆಯಾಗಿ ಬರುತ್ತಿದೆ. ಮುಂದಿನ ಪಂದ್ಯಕ್ಕೆ ನಮ್ಮ ವ್ಯಾನಿನಲ್ಲಿ ಮೂರು ಸೀಟು ಖಾಲಿ ಇದೆ. ಬರುವವರು ಕೂಟದ ಫೋನ್ ಸಂಪರ್ಕ ಸಮಿತಿಯವರಿಗೆ ತಿಳಿಸಿ; ಚಕ್ಕುಲಿ ನಮ್ಮದು, ಕಾಫಿ ನೀವು ತನ್ನಿ.

— ಕ್ಯಾಂಪ್‌ಬೆಲ್ಲಿನ ಒಬ್ಬ ಸದಸ್ಯ